ಉದ್ಯಾನದಂಚಿನ ಯುದ್ಧಸ್ಮಾರಕ: ಆತಕೂರು ಶಾಸನ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಸ್ಮಾರಕಶಿಲೆಯೊಂದಿದೆ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಗಂಗದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನು ಶಕ 872ರ ಈ ಶಾಸನ ದಾಖಲಿಸುತ್ತದೆ. ಆದರೆ ಶಿಲ್ಪದಲ್ಲಿ ಕಾಣುವುದು ಅರಸನಲ್ಲ. ಕಾಡುಹಂದಿಯೊಡನೆ ಸೆಣಸುತ್ತಿರುವ ಕಾಳಿಯೆಂಬ ನಾಯಿ.

ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಬೂತುಗನಲ್ಲಿ ಬೇಡಿ ಪಡೆದದ್ದು ಈ ನಾಯಿಯನ್ನೇ. ಅದು ಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದೂ ಶಾಸನ ವಿಧಿಸುತ್ತದೆ.

ನೆನಪು ಉಳಿಯಲು ಕಲ್ಲೊಂದೇ ಸಾಲದೆಂಬುದನ್ನು ಶಾಸನ ಬರೆಸಿದವರು ಬಲ್ಲರು. ವಸ್ತುಸಂಗ್ರಹಾಲಯದಲ್ಲಿ ಗೊರವನಿಲ್ಲ, ಹಳಗನ್ನಡವನ್ನು ಓದಬಲ್ಲವರದೇ ಈಗ ಆ ಹೊಣೆ.