ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ನಮ್ಮ ಬೆಂಗಳೂರಲ್ಲಿ ‘ಅಡ್ಜಸ್ಟ್’ ಅನ್ನೋ ಮಾತು ಕಿವಿಗೆ ಬೀಳದ ದಿನ ಇಲ್ಲ. ಇಂಗ್ಲಿಷ್ ಓದದವರ ಬಾಯಲ್ಲೂ ಸಲೀಸಾಗಿ ಬರುತ್ತೆ. ಈ ಪದ ಎಲ್ಲಿಂದ ಬಂತು, ನಮ್ಮ ಮನೆಯೊಳಗೆ ಬಂದು ಏನಾಯ್ತು ಅಂತ ಇವತ್ತು ನೋಡೋಣ.

ಇದರ ಬೇರು ಲ್ಯಾಟಿನ್. ಅಲ್ಲಿ ‘ಯುಕ್ಸ್ತಾ’ ಅಂದ್ರೆ ಪಕ್ಕ, ಹತ್ತಿರ. ಅದರಿಂದ ‘ಪಕ್ಕಕ್ಕೆ ತರು’ ಅನ್ನೋ ಕ್ರಿಯಾಪದ ಆಯ್ತು. ಫ್ರೆಂಚ್‌ಗೆ ಬರೋ ಹೊತ್ತಿಗೆ ಜನ ಅದನ್ನ ‘ಯುಸ್ತುಸ್’, ಅಂದ್ರೆ ನ್ಯಾಯವಾದದ್ದು, ಸರಿಯಾದದ್ದು ಅನ್ನೋ ಇನ್ನೊಂದು ಪದದ ಜೊತೆ ಸೇರಿಸಿಬಿಟ್ಟರು. ಹಾಗಾಗಿ ‘ಸರಿಮಾಡು’ ಅನ್ನೋ ಅರ್ಥ ಗಟ್ಟಿಯಾಯ್ತು. ಇಂಗ್ಲಿಷ್‌ನವರು ಲೆಕ್ಕ, ಯಂತ್ರ ಸರಿಮಾಡೋಕೆ ಬಳಸಿದರು. ಮನುಷ್ಯರು ಪರಿಸ್ಥಿತಿಗೆ ಹೊಂದಿಕೊಳ್ಳೋದು ಅನ್ನೋ ಅರ್ಥ ಆಮೇಲಿನದು.

ಕನ್ನಡಕ್ಕೆ ಹೊರಗಿನ ಪದ ಹೊಸದಲ್ಲ. ಹಿಂದೆ ಬಂದ ‘ಬದಲಾ’ ಅನ್ನೋದಕ್ಕೆ ‘ಇಸು’ ಹಚ್ಚಿ ‘ಬದಲಾಯಿಸು’ ಮಾಡ್ಕೊಂಡ್ವಿ. ಇಂಗ್ಲಿಷ್ ಪದಗಳಿಗೆ ‘ಮಾಡು’ ಸೇರಿಸಿದ್ವಿ. 1949ರಲ್ಲಿ ಶಂಕುಸ್ಥಾಪನೆಯಾದ ನಮ್ಮ ರಾಜಾಜಿನಗರ ಕಾರ್ಖಾನೆ, ವರ್ಕ್‌ಶಾಪ್‌ಗಳ ಬಡಾವಣೆ. ಅಂಥ ಕಡೆ ಸ್ಕ್ರೂ ಅಡ್ಜಸ್ಟ್ ಮಾಡು, ಬೆಲ್ಟ್ ಅಡ್ಜಸ್ಟ್ ಮಾಡು ಅನ್ನೋದು ದಿನದ ಮಾತು. ಟೈಲರ್ ಬ್ಲೌಸಿನ ತೋಳು ಅಡ್ಜಸ್ಟ್ ಮಾಡ್ತಾರೆ. ಮನೆ ಓನರ್ ಕೊನೇ ತಿಂಗಳ ಬಾಡಿಗೆನ ಅಡ್ವಾನ್ಸಲ್ಲಿ ಅಡ್ಜಸ್ಟ್ ಮಾಡ್ತಾರೆ. ಅಂಗಡಿಯವರು ಎರಡು ರೂಪಾಯಿ ಚಿಲ್ಲರೆ ‘ನಾಳೆ ಅಡ್ಜಸ್ಟ್ ಮಾಡೋಣಕ್ಕ’ ಅಂತಾರೆ. ಇಲ್ಲೆಲ್ಲ ಬದಲಾಗೋದು ಬಟ್ಟೆ, ದುಡ್ಡು, ಯಂತ್ರ.

ಆದರೆ ಕನ್ನಡದ ಒಂದೇ ಒಂದು ‘ಕೊ’ ಸೇರಿ ‘ಅಡ್ಜಸ್ಟ್ ಮಾಡ್ಕೊ’ ಅಂದ ತಕ್ಷಣ ಬದಲಾಗಬೇಕಾದವರು ನಾವೇ!

ಬಸ್ಸಲ್ಲಿ ಇದು ಚೆನ್ನಾಗಿದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳೀತು. ವಿಜಯನಗರದಿಂದ ಮೆಜೆಸ್ಟಿಕ್ ಕಡೆ ಹೋಗೋವಾಗ ಇಬ್ಬರ ಸೀಟಲ್ಲಿ ಮೂವರು ಕೂರ್ತೀವಿ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ್ರೆ ಕೂತಿರೋ ಇಬ್ಬರೂ ಸರೀತಾರೆ, ಬಂದವರೂ ಅರ್ಧ ಸೀಟಲ್ಲೇ ಕೂರ್ತಾರೆ. ಲ್ಯಾಟಿನ್ನಿನ ಹಳೇ ಅರ್ಥ, ಪಕ್ಕಕ್ಕೆ ತರೋದು, ಇಲ್ಲಿ ಹಾಗೇ ಉಳಿದಿದೆ.

ಮನೇಲಿ ಹಾಗಲ್ಲ. ನನ್ನ ಮದುವೇಲಿ ಹಿರಿಯರು ‘ಹೊಂದ್ಕೊಂಡು ಹೋಗಮ್ಮ’ ಅಂದಿದ್ರು. ಆ ಮಾತಿಗೆ ಒಂದು ಭಾರ ಇತ್ತು, ಹೇಳಿದವರಿಗೂ ಅದು ಸುಲಭ ಅಲ್ಲ ಅಂತ ಗೊತ್ತಿತ್ತು. ಈಗ ನಮ್ಮ ಹೆಣ್ಣುಮಕ್ಕಳಿಗೆ ‘ಅಡ್ಜಸ್ಟ್ ಮಾಡ್ಕೊ’ ಅಂತೀವಿ. ಅದೇ ಮಾತು, ಆದರೆ ಸ್ಕ್ರೂ ತಿರುಗಿಸಿದಷ್ಟೇ ಹಗುರ ಅನ್ನೋ ಹಾಗೆ ಕೇಳುತ್ತೆ. ಕೆಲಸ ಬಿಡೋದು, ತವರಿಗೆ ಹೋಗೋದು ಕಮ್ಮಿ ಮಾಡೋದು, ಎಲ್ಲರ ಊಟ ಆದ್ಮೇಲೆ ಉಳಿದಿದ್ದು ತಿನ್ನೋದು, ಎಲ್ಲ ಆ ಒಂದು ಪದದಲ್ಲಿ ಮುಗಿದುಹೋಗುತ್ತೆ. ಅಳಿಯನಿಗೆ ಅದೇ ಮಾತು ಎಷ್ಟು ಸಲ ಹೇಳಿದ್ದೀವಿ?

ಪದ ಬಿಡೋದು ಬೇಡ, ಅದು ಈಗ ನಮ್ಮದೇ. ಹೇಳೋ ಮುಂಚೆ ಪಕ್ಕದಲ್ಲಿರೋರು ಎಷ್ಟು ಸರಿದ್ರು ಅಂತ ಒಂದ್ಸಲ ನೋಡಿದ್ರೆ ಸಾಕು. ನಿಮ್ಮ ಮನೇಲಿ ಈ ಮಾತು ಯಾರಿಗೆ ಜಾಸ್ತಿ ಬೀಳುತ್ತೆ? ಈ ವಾರ ಲೆಕ್ಕ ಇಟ್ಟು ನೋಡಿ, ಅಕ್ಕಂದಿರೇ.