ಯುದ್ಧಕಾಲದ ಒಂದು ಗಂಟೆ

1943ರಲ್ಲಿ ಹುಟ್ಟಿದವರ ಜನ್ಮದಿನಾಂಕ ಜಾಲತಾಣದ ಪರದೆಯ ಮೇಲೆ ಒಂದು ದಿನ ಹಿಂದೆ ಸರಿದು ಕಾಣಿಸಿದರೆ, ಪ್ರೋಗ್ರಾಮನ್ನು ದೂರುವ ಮೊದಲು ಚರಿತ್ರೆಯನ್ನು ನೋಡಬೇಕು. ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲುಗಳು ನೆಚ್ಚಿಕೊಂಡಿದ್ದ ಮದ್ರಾಸ್ ಸಮಯ ಗ್ರೀನಿಚ್‌ಗಿಂತ ಸುಮಾರು 5 ಗಂಟೆ 21 ನಿಮಿಷ ಮುಂದಿತ್ತು. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರ ಇನ್ನೊಂದು ಗಂಟೆ ಮುಂದಕ್ಕೆ ಹೋಯಿತು: ಐದೂವರೆ ಹೋಗಿ ಆರೂವರೆ. ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ, ಇಂದು ಬಹುತೇಕ ಕಂಪ್ಯೂಟರ್‌ಗಳು ಬಳಸುವ ಕಾಲವಲಯ ದತ್ತಸಂಚಯದಲ್ಲಿ ಇದು ದಾಖಲಾಗಿದೆ. ಒಂದು ಪ್ರೋಗ್ರಾಂ ಆ ದಾಖಲೆಯಂತೆ ಅಂದಿನ ಮಧ್ಯರಾತ್ರಿಯನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸಿ ಇಟ್ಟಿತೆನ್ನಿ. ಇನ್ನೊಂದು ಅದನ್ನು ತೆಗೆದು ಕಣ್ಣುಮುಚ್ಚಿ ಐದೂವರೆ ಗಂಟೆ ಕೂಡಿಸಿದರೆ ಬರುವುದು ಹಿಂದಿನ ದಿನದ ರಾತ್ರಿ 11 ಗಂಟೆ.

ಎಲ್ಲ ಕಾಲಕ್ಕೂ ಐದೂವರೆಯನ್ನೇ ಬಳಸಿದರೆ ಆಯಿತಲ್ಲ ಎಂಬ ವಾದವಿದೆ. ಆಗ 1944ರ ತಂತಿ ಸಂದೇಶದ ವೇಳೆ ತಪ್ಪಾಗುತ್ತದೆ. ಸಂಶೋಧಕರಿಗೆ ಅದು ಸಣ್ಣ ನಷ್ಟವಲ್ಲ. ದತ್ತಸಂಚಯವನ್ನೇ ಪೂರ್ತಿ ನಂಬೋಣವೆಂದರೆ ಅದೂ ಸಾಲದು. ಕಲ್ಕತ್ತ 1948ರವರೆಗೆ, ಬೊಂಬಾಯಿ 1955ರವರೆಗೆ ತಮ್ಮದೇ ಸಮಯವನ್ನು ಉಳಿಸಿಕೊಂಡಿದ್ದವು. ಇಡೀ ಭಾರತಕ್ಕೆ ಒಂದೇ ವಲಯವಿರುವ ಆ ಪಟ್ಟಿಯಲ್ಲಿ ಬೊಂಬಾಯಿಯ ಹಟಕ್ಕೆ ಜಾಗವಿಲ್ಲ. 1970ಕ್ಕಿಂತ ಹಿಂದಿನ ವಿವರಗಳಿಗೆ ಅದರ ನಿರ್ವಾಹಕರೂ ಪೂರ್ಣ ಭರವಸೆ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಮೂಲ ತಪ್ಪು ಗಂಟೆಯ ಲೆಕ್ಕದ್ದಲ್ಲ, ದಿನವನ್ನು ಕ್ಷಣವೆಂದು ಭಾವಿಸಿದ್ದು. ಪಿಂಚಣಿ ಪತ್ರದ ಜನ್ಮದಿನಾಂಕಕ್ಕೆ ಕಾಲವಲಯವೇ ಬೇಕಿಲ್ಲ. ವರ್ಷ, ತಿಂಗಳು, ದಿನ ಎಂದಷ್ಟೇ ಬರೆದಿಟ್ಟರೆ ಯಾವ ಸರ್ವರ್ ಎಲ್ಲಿದ್ದರೂ ಅದು ಕದಲುವುದಿಲ್ಲ.