‘ಆಲ್ಡ್ ಲ್ಯಾಂಗ್ ಸೈನ್’: ಒಂದು ಗೆಳೆತನದ ಹಾಡಿನ ಸಂಚಾರ

ಹೊಸ ವರ್ಷದ ನಡುರಾತ್ರಿ ಪಾಶ್ಚಾತ್ಯ ದೇಶಗಳಲ್ಲಿ ಕೈಕೈ ಹಿಡಿದು ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಕವಿ ರಾಬರ್ಟ್ ಬರ್ನ್ಸ್ ಹೆಸರಿಗೆ ಅಂಟಿಕೊಂಡಿದ್ದರೂ ಅದು ಪೂರ್ತಿ ಅವನದಲ್ಲ. ಇದನ್ನು ಹೋಲುವ ಪದ್ಯವನ್ನು ಜೇಮ್ಸ್ ವಾಟ್ಸನ್ 1711ರಲ್ಲೇ ಅಚ್ಚು ಹಾಕಿದ್ದ. ಮುದುಕನೊಬ್ಬ ಹಾಡಿದ್ದನ್ನು ಕೇಳಿ ಬರೆದುಕೊಂಡೆನೆಂದು ಬರ್ನ್ಸ್ ಹೇಳಿಕೊಂಡಿದ್ದಾನೆ. ಆದರೂ ಗುಡ್ಡ ಸುತ್ತಿ, ಹೊಳೆಯಲ್ಲಿ ಆಡಿ ಬೆಳೆದ ಇಬ್ಬರು ಗೆಳೆಯರ ನಡುವೆ ಕಡಲು ಬಂದು ನಿಂತ ಚಿತ್ರ ಅವನದೇ ಇರಬೇಕೆಂಬುದು ವಿದ್ವಾಂಸರ ಊಹೆ. ಹಾಡಿನ ಜೀವ ಇರುವುದೂ ಅಲ್ಲೇ. ಅದು ಅಚ್ಚಾದದ್ದು 1796ರಲ್ಲಿ, ಬರ್ನ್ಸ್ ತೀರಿಕೊಂಡ ವರ್ಷ.

ಇಂದು ಎಲ್ಲರ ಕಿವಿಗೆ ಪರಿಚಿತವಾದ ಧಾಟಿ ಮೊದಲಿನದಲ್ಲ. ಜಾರ್ಜ್ ಥಾಮ್ಸನ್ 1799ರ ತನ್ನ ಸಂಕಲನದಲ್ಲಿ ಬೇರೊಂದು ಜಾನಪದ ಧಾಟಿಯನ್ನು ಅದಕ್ಕೆ ಜೋಡಿಸಿದ. ಊರು ಬಿಟ್ಟ ಸ್ಕಾಟರ ಜೊತೆ ಹಾಡೂ ಕಡಲು ದಾಟಿತು. ಅಮೆರಿಕದಲ್ಲಿ ಗೈ ಲೊಂಬಾರ್ಡೊ ವಾದ್ಯವೃಂದ 1929ರಿಂದ ಹೊಸ ವರ್ಷದ ರೇಡಿಯೊ ಪ್ರಸಾರದಲ್ಲಿ ನುಡಿಸಿ ಅದನ್ನು ಮನೆಮಾತಾಗಿಸಿತು.

ಜಪಾನಿನಲ್ಲಿ ಇದೇ ಧಾಟಿ 1881ರಲ್ಲಿ ಶಾಲಾಗೀತೆಯಾಯಿತು. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು ಅದಕ್ಕೆ ತಮ್ಮದೇ ಪದಗಳನ್ನು ಕೊಟ್ಟರು. ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಯ ನಿರ್ಗಮನ ಪಥಸಂಚಲನದಲ್ಲಿಯೂ ಬ್ಯಾಂಡಿನವರು ಇದನ್ನು ನುಡಿಸುತ್ತಾರೆ.